ಸಿಸ್ಟಂ ಫೈಲ್ ದುರಸ್ತಿ (ವಿಂಡೋಸ್): ಇತಿಹಾಸ

ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೆ ಸೇರಿದ ಫೈಲ್‌ಗಳು ಕೆಟ್ಟು ಅಥವಾ ಕಾಣೆಯಾಗಿ ಹೊಸ ಅಪ್‌ಡೇಟ್‌ಗಳು ಕೂರದೆ ಹೋದಾಗ, ಕೆಟ್ಟದ್ದನ್ನು ಹುಡುಕಿ ತೆಗೆದು ಸರಿಯಾದ ಪ್ರತಿಯನ್ನು ಅದರ ಜಾಗದಲ್ಲಿಡುವ ಕೆಲಸಕ್ಕೆ ಸಿಸ್ಟಂ ಫೈಲ್ ದುರಸ್ತಿ ಎನ್ನುತ್ತಾರೆ. ಮೈಕ್ರೋಸಾಫ್ಟ್‌ನ ವಿಂಡೋಸ್‌ನಲ್ಲಿ ಈ ಕೆಲಸಕ್ಕೆಂದೇ ಒಂದು ಸಲಕರಣೆ ಬಂದದ್ದು 1998ರಲ್ಲಿ. ಅಂದಿನಿಂದ ಇಂದಿನವರೆಗಿನ ಬೆಳವಣಿಗೆಯನ್ನು ಒಂದೇ ಪ್ರಶ್ನೆ ಹಿಡಿದು ಓದಬಹುದು: ಕೆಟ್ಟ ಫೈಲಿಗೆ ಬದಲಾಗಿ ಇಡಬೇಕಾದ ಒಳ್ಳೆಯ ಪ್ರತಿ ಎಲ್ಲಿದೆ, ಅದು ಒಳ್ಳೆಯದೆಂದು ಹೇಳುವವರು ಯಾರು? ಮೊದಲು ಅದು ಬಳಕೆದಾರರ ಕೈಯಲ್ಲಿನ ಸಿ.ಡಿ.ಯಲ್ಲಿತ್ತು. ಆಮೇಲೆ ಹಾರ್ಡ್‌ಡಿಸ್ಕಿನ ಒಂದು ಮರೆಯಾದ ಫೋಲ್ಡರಿಗೆ ಬಂತು. ಈಗ ಬಹುಮಟ್ಟಿಗೆ ಇಂಟರ್‌ನೆಟ್ಟಿನಾಚೆಯ ಸರ್ವರ್‌ಗಳಲ್ಲಿದೆ.

ಒಂದು ಫೈಲ್ ಕೆಟ್ಟರೆ ಇಡೀ ಅಪ್‌ಡೇಟ್ ಏಕೆ ನಿಲ್ಲಬೇಕು ಎಂಬುದು ಸಹಜ ಸಂಶಯ. ಡೌನ್‌ಲೋಡ್ ಹಗುರವಾಗಲಿ ಎಂದು ಇಂದಿನ ಅಪ್‌ಡೇಟ್‌ಗಳು ಅನೇಕ ವೇಳೆ ಪೂರ್ತಿ ಫೈಲನ್ನು ತರುವುದಿಲ್ಲ. ಒಂದು ಗೊತ್ತಾದ ಹಳೆಯ ಆವೃತ್ತಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತರುತ್ತವೆ. ಆ ಹಳೆಯ ಫೈಲ್‌ನಲ್ಲಿ ಒಂದೇ ಒಂದು ಬೈಟ್ ಹೆಚ್ಚುಕಡಿಮೆಯಾಗಿದ್ದರೂ ವ್ಯತ್ಯಾಸವನ್ನು ಅದರ ಮೇಲೆ ಕೂರಿಸಲು ಬರುವುದಿಲ್ಲ. ಜತೆಗೆ ಪ್ರತಿ ಘಟಕದ ಹ್ಯಾಶ್ ಮೌಲ್ಯವನ್ನು, ಅಂದರೆ ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತನ್ನು, ಸಹಿಯಾದ ಪಟ್ಟಿಯೊಂದಿಗೆ ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದರೆ ವ್ಯವಸ್ಥೆ ಮುಂದುವರಿಯದೆ ಮಾಡಿದ್ದನ್ನೆಲ್ಲ ಹಿಂದಕ್ಕೆ ತಿರುಗಿಸುತ್ತದೆ. ಬಳಕೆದಾರರಿಗೆ ಸಿಟ್ಟು ಬರಿಸುವ ಈ ಹಟ ವಾಸ್ತವದಲ್ಲಿ ಅವರ ರಕ್ಷಣೆಗೇ ಇರುವಂಥದ್ದು. ಅರೆಬರೆ ಹಳತು, ಅರೆಬರೆ ಹೊಸತಾದ ವ್ಯವಸ್ಥೆ ಮತ್ತೆ ಚಾಲೂ ಆಗದೆಯೇ ಹೋಗಬಹುದು.

ಫೈಲ್‌ಗಳು ಕೆಡಲು ಕಾರಣಗಳು ಹಲವು. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟು ಹೋಗುವುದು, ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್ ಬೀಳುವುದು, ರ್‍ಯಾಮ್ ದೋಷ, ವೈರಸ್, ಜಾಗ ಉಳಿಸುತ್ತೇವೆಂದು ಸಿಕ್ಕಿದ್ದನ್ನೆಲ್ಲ ಅಳಿಸುವ ‘ಕ್ಲೀನರ್’ ತಂತ್ರಾಂಶಗಳು ಇವುಗಳಲ್ಲಿ ಮುಖ್ಯ.

ಡಿಎಲ್‌ಎಲ್ ಗೊಂದಲದ ಕಾಲ

1990ರ ದಶಕದ ವಿಂಡೋಸ್‌ನಲ್ಲಿ ಹಲವು ತಂತ್ರಾಂಶಗಳು, ಸಾಮಾನ್ಯ ಕೆಲಸಗಳ ಸಿದ್ಧ ಕೋಡ್ ಇರುವ ಒಂದೇ ಡಿಎಲ್‌ಎಲ್ ಫೈಲನ್ನು ಹಂಚಿಕೊಳ್ಳುತ್ತಿದ್ದವು. ಡಿಸ್ಕಿನ ಜಾಗಕ್ಕೂ ಮೆಮೊರಿಗೂ ಬರವಿದ್ದ ದಿನಗಳಲ್ಲಿ ಇದು ಒಳ್ಳೆಯ ಏರ್ಪಾಡೇ. ಆದರೆ ಹೊಸ ತಂತ್ರಾಂಶವೊಂದನ್ನು ಹಾಕಿದಾಗ ಅದರ ಇನ್‌ಸ್ಟಾಲರ್ ತನ್ನ ಜತೆ ತಂದ ಡಿಎಲ್‌ಎಲ್ ಅನ್ನು ಸಿಸ್ಟಂ ಫೋಲ್ಡರಿನಲ್ಲಿ ಇದ್ದದ್ದರ ಮೇಲೆಯೇ ಬರೆದುಬಿಡುತ್ತಿತ್ತು. ತಂದದ್ದು ಇದ್ದದ್ದಕ್ಕಿಂತ ಹಳತಾಗಿದ್ದರೆ ಬೇರೆ ತಂತ್ರಾಂಶಗಳು, ಕೆಲವೊಮ್ಮೆ ವಿಂಡೋಸೇ ಕುಸಿಯುತ್ತಿತ್ತು. ಈ ಅವ್ಯವಸ್ಥೆಗೆ ತಂತ್ರಜ್ಞರು ‘ಡಿಎಲ್‌ಎಲ್ ಹೆಲ್’ ಎಂದು ಹೆಸರಿಟ್ಟರು.

ಫೈಲ್ ಬದಲಾಗಿದೆಯೇ ಎಂದು ಬೆರಳಚ್ಚಿನಂಥ ಗುರುತಿನಿಂದ ಕಂಡುಹಿಡಿಯುವ ಉಪಾಯ ಯುನಿಕ್ಸ್ ಜಗತ್ತಿನಲ್ಲಿ ಅಷ್ಟರಲ್ಲೇ ಬಂದಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಜೀನ್ ಸ್ಪಾಫರ್ಡ್ 1992ರಲ್ಲಿ ರೂಪಿಸಿದ ‘ಟ್ರಿಪ್‌ವೈರ್’ ಇದನ್ನೇ ಮಾಡುತ್ತಿತ್ತು. ಅದರ ಗುರಿ ಒಳನುಗ್ಗಿದವರನ್ನು ಹಿಡಿಯುವುದು. ಕೆಟ್ಟದ್ದನ್ನು ರಿಪೇರಿ ಮಾಡುವುದು ಅದರ ಕೆಲಸವಾಗಿರಲಿಲ್ಲ.

1998ರ ಜೂನ್‌ನಲ್ಲಿ ಬಂದ ವಿಂಡೋಸ್ 98ರೊಂದಿಗೆ ಎರಡು ಹೊಸತುಗಳು ಒಟ್ಟಿಗೇ ಬಂದವು: ವಿಂಡೋಸ್ ಅಪ್‌ಡೇಟ್ ಸೇವೆ ಮತ್ತು ಸಿಸ್ಟಂ ಫೈಲ್ ಚೆಕರ್. ಚೆಕರ್ ತನ್ನ ಬಳಿಯ ಪಟ್ಟಿಯೊಂದಿಗೆ ಫೈಲ್‌ಗಳನ್ನು ಹೋಲಿಸಿ, ವ್ಯತ್ಯಾಸ ಕಂಡಲ್ಲಿ ನಿಂತು ಬಳಕೆದಾರರನ್ನೇ ಕೇಳುತ್ತಿತ್ತು: ಈ ಬದಲಾವಣೆಯನ್ನು ಒಪ್ಪಿ ಪಟ್ಟಿಗೆ ಸೇರಿಸಲೇ, ಹಳೆಯದನ್ನು ಸಿ.ಡಿ.ಯಿಂದ ತಂದಿಡಲೇ, ಹಾಗೆಯೇ ಬಿಡಲೇ? ಉತ್ತರ ಕೊಡಬೇಕಾದವರಿಗೆ ಆ ಫೈಲಿನ ಹೆಸರೂ ಕೇಳಿ ಗೊತ್ತಿರುತ್ತಿರಲಿಲ್ಲ. ಅಧಿಕೃತ ಅಪ್‌ಡೇಟ್ ಬದಲಿಸಿದ್ದನ್ನೂ ವೈರಸ್ ಬದಲಿಸಿದ್ದನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ಉದ್ದೇಶ ಸರಿ, ಆದರೆ ತೀರ್ಮಾನದ ಭಾರ ತಪ್ಪು ಹೆಗಲ ಮೇಲೆ ಬಿದ್ದಿತ್ತು.

ಗುಪ್ತ ಫೋಲ್ಡರ್ ಮತ್ತು ಸಿ.ಡಿ.

2000ದ ಫೆಬ್ರವರಿಯಲ್ಲಿ ಬಿಡುಗಡೆಯಾದ ವಿಂಡೋಸ್ 2000 ಆ ಭಾರವನ್ನು ಯಂತ್ರಕ್ಕೆ ವರ್ಗಾಯಿಸಿತು. ‘ವಿಂಡೋಸ್ ಫೈಲ್ ಪ್ರೊಟೆಕ್ಷನ್’ ಎಂಬ ಈ ಕಾವಲು ವ್ಯವಸ್ಥೆ ಮುಖ್ಯ ಫೈಲ್‌ಗಳ ಒಂದೊಂದು ಪ್ರತಿಯನ್ನು ಸಿಸ್ಟಂ32 ಫೋಲ್ಡರಿನೊಳಗಿನ ‘ಡಿಎಲ್‌ಎಲ್‌ಕ್ಯಾಶ್’ ಎಂಬ ಗುಪ್ತ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಯಾರಾದರೂ ಮೂಲ ಫೈಲನ್ನು ಅಳಿಸಿದರೆ ಕೆಲವೇ ಕ್ಷಣಗಳಲ್ಲಿ ಅದು ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹೊಸ ಫೈಲ್ ಬಂದರೆ ಅದರ ಡಿಜಿಟಲ್ ಸಹಿ ಪರೀಕ್ಷೆಯಾಗುತ್ತಿತ್ತು. ಸರ್ವಿಸ್ ಪ್ಯಾಕ್, ಹಾಟ್‌ಫಿಕ್ಸ್, ವಿಂಡೋಸ್ ಅಪ್‌ಡೇಟ್ ಮುಂತಾದ ಅಧಿಕೃತ ದಾರಿಗಳಿಂದ ಬಂದ ಬದಲಾವಣೆಗೆ ಮಾತ್ರ ಅನುಮತಿ. ಸಿಸ್ಟಂ ಫೈಲ್ ಚೆಕರ್ ತನ್ನ ಚಿತ್ರಮಯ ಕಿಟಕಿಯನ್ನು ಬಿಟ್ಟುಕೊಟ್ಟು ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಎಂಬ ಆಜ್ಞೆಯಾಯಿತು. ಕಾಲು ಶತಮಾನ ಕಳೆದರೂ ಆ ಆಜ್ಞೆ ಅದೇ ರೂಪದಲ್ಲಿ ಉಳಿದಿದೆ.

2001ರ ವಿಂಡೋಸ್ ಎಕ್ಸ್‌ಪಿಯಲ್ಲೂ ಇದೇ ಏರ್ಪಾಡು ಮುಂದುವರಿಯಿತು. ಗುಪ್ತ ಫೋಲ್ಡರಿನಲ್ಲೂ ಪ್ರತಿ ಸಿಗದಿದ್ದರೆ ಯಂತ್ರ ಎಕ್ಸ್‌ಪಿ ಸಿ.ಡಿ.ಯನ್ನು ಹಾಕುವಂತೆ ಕೇಳುತ್ತಿತ್ತು. ಸಿ.ಡಿ. ಹಳೆಯದು, ಕಂಪ್ಯೂಟರಿಗೆ ಮಾತ್ರ 2004ರ ಸರ್ವಿಸ್ ಪ್ಯಾಕ್ 2 ಹಾಕಿದೆ ಎಂದಾದರೆ ಆ ಸಿ.ಡಿ. ಒಪ್ಪಿಗೆಯಾಗುತ್ತಿರಲಿಲ್ಲ. ಹಾಗಾಗಿ ಸರ್ವಿಸ್ ಪ್ಯಾಕನ್ನು ಮೂಲ ಫೈಲ್‌ಗಳೊಳಗೆ ಬೆರೆಸಿ ಹೊಸ ಸಿ.ಡಿ. ಬರೆದುಕೊಳ್ಳುವ ‘ಸ್ಲಿಪ್‌ಸ್ಟ್ರೀಮ್’ ವಿದ್ಯೆ ರಿಪೇರಿ ಮಾಡುವವರಿಗೆಲ್ಲ ಬೇಕಾಯಿತು. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬೇಕಿದ್ದವರಿಗೂ ಇದೇ ಸಿ.ಡಿ.ಯ ನೆನಪು ಗಟ್ಟಿಯಾಗಿದೆ. ಕನ್ನಡಕ್ಕೆ ವಿಂಡೋಸ್‌ನ ಬೆಂಬಲ ಮೊದಲು ಸಿಕ್ಕಿದ್ದು ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಆದರೆ ರೀಜನಲ್ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಟಿಕ್ ಹಾಕಿದ ಕೂಡಲೇ ಅದು ಸಿ.ಡಿ.ಯ ‘ಐ386’ ಫೋಲ್ಡರನ್ನು ಕೇಳುತ್ತಿತ್ತು. ಸಿ.ಡಿ. ಕಳೆದಿದ್ದರೆ ಒತ್ತಕ್ಷರ ಕೂಡುತ್ತಿರಲಿಲ್ಲ, ಕೆಟ್ಟ ಫೈಲೂ ರಿಪೇರಿಯಾಗುತ್ತಿರಲಿಲ್ಲ.

ಈ ನಡುವೆ ಅಪ್‌ಡೇಟ್‌ಗಳ ಮಹತ್ವವೇ ಬದಲಾಯಿತು. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ವರ್ಮ್ ಜಗತ್ತಿನ ವಿಂಡೋಸ್ ಯಂತ್ರಗಳಿಗೆ ಹರಡಿತು. ಅದು ಬಳಸಿಕೊಂಡ ಲೋಪಕ್ಕೆ ತೇಪೆ ಜುಲೈ ತಿಂಗಳಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಕೊಡುವ ಪದ್ಧತಿ ಶುರುವಾಯಿತು. ಅಪ್‌ಡೇಟ್ ಕೂರದ ಕಂಪ್ಯೂಟರ್ ಅಂದರೆ ಬಾಗಿಲು ತೆರೆದಿಟ್ಟ ಕಂಪ್ಯೂಟರ್ ಎಂಬುದು ಅಲ್ಲಿಂದ ಎಲ್ಲರಿಗೂ ಅರ್ಥವಾಯಿತು.

ಘಟಕ ಭಂಡಾರ

2007ರ ಜನವರಿಯಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾವನ್ನು ಬಹಳ ಮಂದಿ ಬೈದರು. ಆದರೂ ಈ ಲೇಖನದ ವಿಷಯದಲ್ಲಿ ಅದರಷ್ಟು ದೊಡ್ಡ ಬದಲಾವಣೆ ತಂದ ಆವೃತ್ತಿ ಇನ್ನೊಂದಿಲ್ಲ. ವಿಸ್ಟಾದಲ್ಲಿ ಇಡೀ ವ್ಯವಸ್ಥೆಯನ್ನು ಘಟಕಗಳಾಗಿ ವಿಂಗಡಿಸಿ, ಅವುಗಳನ್ನೆಲ್ಲ ‘ವಿನ್‌ಎಸ್‌ಎಕ್ಸ್‌ಎಸ್’ ಎಂಬ ಫೋಲ್ಡರಿನಲ್ಲಿ ಶೇಖರಿಸಿದರು. ಸಿಸ್ಟಂ32ರಲ್ಲಿ ನಮಗೆ ಕಾಣುವ ಫೈಲ್‌ಗಳಲ್ಲಿ ಹೆಚ್ಚಿನವು ಈ ಭಂಡಾರದಲ್ಲಿರುವ ಫೈಲ್‌ಗಳಿಗೇ ಇಟ್ಟ ಎರಡನೆಯ ಹೆಸರು. ತಾಂತ್ರಿಕವಾಗಿ ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಫೈಲ್‌ಗಳ ಒಡೆತನ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಸೇವೆಗೆ ಹೋಯಿತು. ಅಡ್ಮಿನಿಸ್ಟ್ರೇಟರ್ ಕೂಡ ಅವುಗಳನ್ನು ನೇರವಾಗಿ ಮುಟ್ಟುವಂತಿಲ್ಲ. ಅಳಿಸಿದ ಮೇಲೆ ತಂದಿಡುವ ಹಳೆಯ ಪದ್ಧತಿ ಹೋಗಿ, ಅಳಿಸಲಿಕ್ಕೇ ಬಿಡದ ಪದ್ಧತಿ ಬಂತು.

ಇದರಿಂದ ಎಸ್‌ಎಫ್‌ಸಿಗೆ ಸಿ.ಡಿ. ಬೇಡವಾಯಿತು, ಭಂಡಾರದಿಂದಲೇ ಒಳ್ಳೆಯ ಪ್ರತಿ ಸಿಗುತ್ತದೆ. ಜತೆಗೆ ಒಂದು ಹೊಸ ತೊಂದರೆಯೂ ಹುಟ್ಟಿತು. ಭಂಡಾರವೇ ಕೆಟ್ಟರೆ? ಹಾರ್ಡ್ ಲಿಂಕ್ ಎಂದರೆ ಎರಡು ಹೆಸರು, ಒಂದೇ ಫೈಲ್. ಡಿಸ್ಕಿನ ಆ ಭಾಗ ಹಾಳಾದರೆ ‘ಪ್ರತಿ’ ಎಂದುಕೊಂಡಿದ್ದೂ ಹಾಳು. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನ ಗಾತ್ರ ಹಲವು ಗಿಗಾಬೈಟ್ ಎಂದು ಕಂಡು, ಅದರಲ್ಲಿ ಬಹುಪಾಲು ಎರಡೆರಡು ಬಾರಿ ಎಣಿಸಿದ್ದು ಎಂದು ತಿಳಿಯದೆ, ಒಳಗಿನದನ್ನು ಬಲವಂತವಾಗಿ ಅಳಿಸಿದವರೂ ಇದ್ದಾರೆ. ಆಗ ಅಪ್‌ಡೇಟ್ 80073712 ಎಂದು ಮುಗಿಯುವ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ. ಘಟಕ ಭಂಡಾರ ಕೆಟ್ಟಿದೆ ಎಂಬುದೇ ಅದರ ಅರ್ಥ.

ಇದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಮೊದಲ ಪರಿಹಾರ ‘ಸಿಸ್ಟಂ ಅಪ್‌ಡೇಟ್ ರೆಡಿನೆಸ್ ಟೂಲ್’. ವಿಸ್ಟಾ ಮತ್ತು ವಿಂಡೋಸ್ 7 ಬಳಸಿದ ತಂತ್ರಜ್ಞರ ಬಾಯಲ್ಲಿ ಇದು ‘ಚೆಕ್‌ಸರ್’. ಸಾಮಾನ್ಯವಾಗಿ ಕೆಡುವ ಫೈಲ್‌ಗಳನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡು ಬರುತ್ತಿದ್ದುದರಿಂದ ಈ ಪ್ಯಾಕೇಜು ಬಹಳ ದಪ್ಪ. ಅಂದಿನ ನಿಧಾನಗತಿಯ ಇಂಟರ್‌ನೆಟ್‌ನಲ್ಲಿ ಇಳಿಸಿಕೊಳ್ಳುವುದೇ ಒಂದು ಸಾಹಸ. ಓಡಿಸಿದ ಮೇಲೆ ಅದೊಂದು ಲಾಗ್ ಬರೆಯುತ್ತಿತ್ತು. ಯಾವ ಫೈಲ್ ಕೆಟ್ಟಿದೆ, ಅದು ಯಾವ ಅಪ್‌ಡೇಟ್‌ಗೆ ಸೇರಿದ್ದು, ಸರಿಯಾಯಿತೇ ಇಲ್ಲವೇ ಎಂದು ಸಾಲುಸಾಲಾಗಿ. ತಾನಾಗಿ ಸರಿಪಡಿಸಲಾಗದಿದ್ದರೆ ಆ ಸಾಲುಗಳನ್ನು ಹಿಡಿದು, ಸಂಬಂಧಪಟ್ಟ ಅಪ್‌ಡೇಟ್ ಪ್ಯಾಕೇಜನ್ನು ಬೇರೆಯಾಗಿ ಇಳಿಸಿಕೊಂಡು, ಚೆಕ್‌ಸರ್ ಬಳಸುವ ತಾತ್ಕಾಲಿಕ ಫೋಲ್ಡರಿನಲ್ಲಿಟ್ಟು, ಮತ್ತೆ ಓಡಿಸಬೇಕು. ತಾಳ್ಮೆ ಬೇಡುವ ಕೆಲಸ. ಆದರೆ ಯಾವುದು ಕೆಟ್ಟಿತು, ಅದು ಯಾವುದಕ್ಕೆ ಸೇರಿದ್ದು ಎಂದು ರಿಪೇರಿ ಮಾಡುವವರಿಗೆ ಇಷ್ಟು ನಿಚ್ಚಳವಾಗಿ ಹೇಳಿದ ಸಲಕರಣೆ ಅದಕ್ಕೆ ಮೊದಲು ಬಂದಿರಲಿಲ್ಲ.

ಡಿಐಎಸ್‌ಎಂ

ವಿಂಡೋಸ್ 7ರಲ್ಲಿ ವಿಂಡೋಸ್ ಇಮೇಜ್‌ಗಳನ್ನು ನಿರ್ವಹಿಸಲೆಂದು ಬಂದಿದ್ದ ಡಿಐಎಸ್‌ಎಂ ಎಂಬ ಸಲಕರಣೆಗೆ 2012ರ ವಿಂಡೋಸ್ 8ರಲ್ಲಿ ರಿಪೇರಿಯ ಹೊಣೆಯೂ ಸೇರಿತು. ಅದರಲ್ಲಿ ಮೂರು ಹಂತಗಳಿವೆ. ‘ಚೆಕ್‌ಹೆಲ್ತ್’ ಕೆಟ್ಟಿದೆ ಎಂದು ಈಗಾಗಲೇ ಗುರುತಾಗಿದೆಯೇ ಎಂದಷ್ಟೇ ನೋಡುತ್ತದೆ. ‘ಸ್ಕ್ಯಾನ್‌ಹೆಲ್ತ್’ ಭಂಡಾರವನ್ನು ನಿಜವಾಗಿ ಜಾಲಾಡುತ್ತದೆ. ‘ರಿಸ್ಟೋರ್‌ಹೆಲ್ತ್’ ಕೆಟ್ಟ ಘಟಕಗಳ ಹೊಸ ಪ್ರತಿಯನ್ನು ವಿಂಡೋಸ್ ಅಪ್‌ಡೇಟ್‌ನ ಸರ್ವರಿನಿಂದಲೇ ತರಿಸಿ ಕೂರಿಸುತ್ತದೆ. ಇಂಟರ್‌ನೆಟ್ ಇಲ್ಲದಿದ್ದರೆ, ಅಥವಾ ಅಪ್‌ಡೇಟ್ ಸೇವೆಯೇ ಕೆಟ್ಟಿದ್ದರೆ, ಇನ್‌ಸ್ಟಾಲೇಶನ್ ಯುಎಸ್‌ಬಿಯಲ್ಲಿರುವ ಇಮೇಜನ್ನು ಮೂಲವಾಗಿ ತೋರಿಸಬಹುದು. ಆದರೆ ಅದು ಕಂಪ್ಯೂಟರಿನಲ್ಲಿರುವ ಆವೃತ್ತಿಗೆ ಹೊಂದಬೇಕು. ಕಚೇರಿಗಳ ಯಂತ್ರಗಳಲ್ಲಿ ಈ ಆಜ್ಞೆ ‘ಮೂಲ ಸಿಗಲಿಲ್ಲ’ ಎಂದು ಸೋಲುವುದಕ್ಕೆ ಸಾಮಾನ್ಯ ಕಾರಣ, ಅಪ್‌ಡೇಟ್‌ಗಳೆಲ್ಲ ಕಂಪನಿಯ ಒಳ ಸರ್ವರಿನಿಂದಲೇ ಬರಬೇಕೆಂಬ ನಿಯಮ. ಆ ಸರ್ವರಿನಲ್ಲಿ ರಿಪೇರಿಯ ಸರಕು ಅನೇಕ ವೇಳೆ ಇರುವುದಿಲ್ಲ.

ಮೊದಲು ಡಿಐಎಸ್‌ಎಂ, ಆಮೇಲೆ ಎಸ್‌ಎಫ್‌ಸಿ ಎಂಬ ಕ್ರಮ ನೆಲೆಗೊಂಡದ್ದು ಇಲ್ಲಿಂದ. ಭಂಡಾರ ಶುದ್ಧವಾಗದೆ ಅಲ್ಲಿಂದ ಪ್ರತಿ ತೆಗೆದು ಪ್ರಯೋಜನವಿಲ್ಲ. ಡಿಐಎಸ್‌ಎಂ ಓಡುವಾಗ ಶೇಕಡಾವಾರು ಅಂಕಿ ಒಂದೇ ಕಡೆ ಬಹಳ ಹೊತ್ತು ನಿಲ್ಲುವುದುಂಟು. ಕೆಟ್ಟು ನಿಂತಿದೆ ಎಂದು ಭಾವಿಸಿ ಕಿಟಕಿ ಮುಚ್ಚುವವರಿದ್ದಾರೆ. ಅದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ.

ರಿಪೇರಿ ಸಲಕರಣೆಯೇ ತಪ್ಪು ಹೇಳಿದ ಪ್ರಸಂಗವೂ ಇದೆ. 2019ರ ಜುಲೈಯಲ್ಲಿ ಎಸ್‌ಎಫ್‌ಸಿ ಇದ್ದಕ್ಕಿದ್ದಂತೆ ವಿಂಡೋಸ್ ಡಿಫೆಂಡರ್‌ನ ಪವರ್‌ಶೆಲ್ ಫೈಲ್‌ಗಳು ಕೆಟ್ಟಿವೆ, ಸರಿಪಡಿಸಲಾಗದು ಎಂದು ಸಾರತೊಡಗಿತು. ಫೈಲ್‌ಗಳಲ್ಲಿ ದೋಷವೇ ಇರಲಿಲ್ಲ. ಡಿಫೆಂಡರ್ ತನ್ನದೇ ಪ್ರತ್ಯೇಕ ದಾರಿಯಲ್ಲಿ ಅವುಗಳನ್ನು ಹೊಸದಾಗಿಸಿತ್ತು, ತಾಳೆ ನೋಡುವ ಪಟ್ಟಿ ಹಳೆಯದೇ ಉಳಿದಿತ್ತು. ಮೈಕ್ರೋಸಾಫ್ಟ್ ಇದನ್ನು ಒಪ್ಪಿಕೊಂಡಿತು. ವಿಂಡೋಸ್ 98ರ ಚೆಕರ್ ಎಡವಿದ್ದ ಕಲ್ಲಿಗೇ ಇಪ್ಪತ್ತೊಂದು ವರ್ಷಗಳ ನಂತರವೂ ಎಡವಿದಂತಾಯಿತು.

ಇತರ ವ್ಯವಸ್ಥೆಗಳು

ಲಿನಕ್ಸ್‌ನಲ್ಲಿ ಪ್ಯಾಕೇಜ್ ಮ್ಯಾನೇಜರೇ ಪ್ರತಿ ಫೈಲಿನ ಲೆಕ್ಕ ಇಡುತ್ತದೆ. ಅಪ್‌ಡೇಟ್ ನಡುವೆ ಕರೆಂಟು ಹೋದರೆ, ಉಬುಂಟು ಬಳಸುವವರು ‘ಡಿಪಿಕೆಜಿ’ಯ ಒಂದು ಆಜ್ಞೆಯಿಂದ ಅರ್ಧಕ್ಕೆ ನಿಂತದ್ದನ್ನು ಮುಗಿಸಬಹುದು. ಗೂಗಲ್‌ನ ಕ್ರೋಮ್‌ಓಎಸ್ ಹಿಡಿದ ದಾರಿ ಬೇರೆ: ವ್ಯವಸ್ಥೆಯ ಎರಡು ಪ್ರತಿಗಳನ್ನು ಎರಡು ವಿಭಾಗಗಳಲ್ಲಿಟ್ಟು, ಒಂದು ಓಡುವಾಗ ಇನ್ನೊಂದನ್ನು ಅಪ್‌ಡೇಟ್ ಮಾಡುವುದು, ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುವುದು. 2016ರ ಆಂಡ್ರಾಯ್ಡ್ 7 ಇದನ್ನು ಫೋನಿಗೂ ತಂದಿತು. ಆಪಲ್ 2020ರ ಬಿಗ್ ಸರ್ ಆವೃತ್ತಿಯಲ್ಲಿ ಸಿಸ್ಟಂ ವಿಭಾಗಕ್ಕೆ ಒಟ್ಟಾಗಿ ಸಹಿ ಹಾಕಿ ಬೀಗ ಜಡಿಯಿತು. ಇಂಥ ವ್ಯವಸ್ಥೆಗಳಲ್ಲಿ ಒಂದೊಂದೇ ಫೈಲನ್ನು ರಿಪೇರಿ ಮಾಡುವ ಪ್ರಮೇಯ ಬಹುತೇಕ ಬರುವುದಿಲ್ಲ.

ಇತ್ತೀಚಿನ ವರ್ಷಗಳು

ವಿಂಡೋಸ್ ಕೂಡ ನಿಧಾನವಾಗಿ ಇಡೀ ವ್ಯವಸ್ಥೆಯನ್ನೇ ಬದಲಿಸುವ ದಾರಿಯತ್ತಲೇ ಸರಿಯುತ್ತಿದೆ. ಫೈಲ್ ಹುಡುಕುವ ಬದಲು, ದಾಖಲೆ ಮತ್ತು ತಂತ್ರಾಂಶಗಳನ್ನು ಹಾಗೆಯೇ ಉಳಿಸಿ ವಿಂಡೋಸನ್ನು ಅದರ ಮೇಲೆಯೇ ಮತ್ತೆ ಹಾಕುವ ‘ಇನ್-ಪ್ಲೇಸ್’ ರಿಪೇರಿ ವಿಂಡೋಸ್ 10ರ ಕಾಲದಲ್ಲಿ ರೂಢಿಯಾಯಿತು. 2024ರ ಆರಂಭದಲ್ಲಿ ವಿಂಡೋಸ್ 11ರ ರಿಕವರಿ ಪುಟಕ್ಕೆ ಇದೇ ಕೆಲಸವನ್ನು ಒಂದು ಬಟನ್‌ನಿಂದ ಮಾಡುವ ಸೌಲಭ್ಯ ಬಂತು. ಯುಎಸ್‌ಬಿ ಸಹ ಬೇಕಿಲ್ಲ.

ಅದೇ 2024ರ ಜನವರಿಯಲ್ಲಿ ಬಂದ ಒಂದು ಭದ್ರತಾ ಅಪ್‌ಡೇಟ್ ವಿಂಡೋಸ್ 10ರ ಅಸಂಖ್ಯ ಯಂತ್ರಗಳಲ್ಲಿ 80070643 ಎಂಬ ದೋಷ ತೋರಿಸಿ ನಿಂತಿತು. ಎಷ್ಟೋ ಜನ ಎಸ್‌ಎಫ್‌ಸಿ, ಡಿಐಎಸ್‌ಎಂ ಎರಡನ್ನೂ ಮತ್ತೆಮತ್ತೆ ಓಡಿಸಿ ಸೋತರು. ಯಾವ ಫೈಲೂ ಕೆಟ್ಟಿರಲಿಲ್ಲ. ರಿಕವರಿ ವಿಭಾಗದಲ್ಲಿ ಬೇಕಾದ 250 ಮೆಗಾಬೈಟ್ ಖಾಲಿ ಜಾಗ ಇರಲಿಲ್ಲ, ಅಷ್ಟೇ. ದೋಷಸಂಖ್ಯೆಯೊಂದನ್ನೇ ನಂಬಿ ಚಿಕಿತ್ಸೆ ಶುರು ಮಾಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಾಗ, ಸಿಬ್ಬಂದಿ ಒಂದೊಂದು ಯಂತ್ರದ ಮುಂದೆ ಕುಳಿತು ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಏಳಲಾರದ ಯಂತ್ರಕ್ಕೂ ದೂರದಿಂದಲೇ ಪರಿಹಾರ ತಲುಪಿಸುವ ‘ಕ್ವಿಕ್ ಮಷಿನ್ ರಿಕವರಿ’ಯನ್ನು ಮೈಕ್ರೋಸಾಫ್ಟ್ ಆ ನವೆಂಬರಿನಲ್ಲಿ ಪ್ರಕಟಿಸಿ, 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿತು.

ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಅಪ್‌ಡೇಟ್ ತೊಂದರೆಗೆ ಇಂದಿಗೂ ಸಿಗುವ ಸಾಮಾನ್ಯ ಉತ್ತರ ‘ಫಾರ್ಮ್ಯಾಟ್ ಮಾಡಿ ಹೊಸ ಓಎಸ್ ಹಾಕಿಬಿಡೋಣ’ ಎಂಬುದು. ಅಂಗಡಿಯವರಿಗೆ ಅದು ಬೇಗ ಮುಗಿಯುವ ಕೆಲಸ. ಬಳಕೆದಾರರ ಫೋಟೊ, ಲೆಕ್ಕಪತ್ರ, ಬರೆದಿಟ್ಟ ಕಡತಗಳು ಅದರಲ್ಲಿ ಹೋಗಿಬಿಡಬಹುದು. ಹಾಕಿಕೊಟ್ಟದ್ದು ಕತ್ತರಿಸಿ ಕಿರಿದಾಗಿಸಿದ ನಕಲಿ ಪ್ರತಿಯಾಗಿದ್ದರೆ ಮುಂದಿನ ಅಪ್‌ಡೇಟ್ ಮತ್ತೆ ನಿಲ್ಲುತ್ತದೆ. ಆದ್ದರಿಂದ ಕಂಪ್ಯೂಟರನ್ನು ಒಪ್ಪಿಸುವ ಮುಂಚೆ ಮುಖ್ಯ ದಾಖಲೆಗಳ ಬ್ಯಾಕಪ್ ತೆಗೆದುಕೊಳ್ಳಿ. ಡಿಸ್ಕಿನ ಆರೋಗ್ಯವನ್ನೂ ಖಾಲಿ ಜಾಗವನ್ನೂ ಮೊದಲು ನೋಡಿ. ಆಮೇಲೆ ಡಿಐಎಸ್‌ಎಂ, ಎಸ್‌ಎಫ್‌ಸಿ ಈ ಕ್ರಮದಲ್ಲಿ ಓಡಿಸಿ, ಮುಗಿಯುವವರೆಗೆ ಚಾರ್ಜರ್ ತೆಗೆಯಬೇಡಿ. ಅದೂ ಫಲಿಸದಿದ್ದರೆ ದಾಖಲೆಗಳನ್ನು ಉಳಿಸಿಕೊಂಡು ಮರುಸ್ಥಾಪಿಸಿಕೊಡಿ ಎಂದು ಅಂಗಡಿಯವರನ್ನು ಕೇಳಿ. ಫಾರ್ಮ್ಯಾಟ್‌ಗೆ ಒಪ್ಪುವುದು ಅದಾದ ಮೇಲಿನ ಮಾತು.