ತೀವ್ರ ಲ್ಯುಕೀಮಿಯಾ ವಂಶದಲ್ಲಿ ಬರುತ್ತದೆಯೇ?

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ವೈದ್ಯರು ಹೇಳಿದಾಗ ಮನೆಯವರು ಮೊದಲು ಕೇಳುವುದು ಗುಣವಾಗುತ್ತದೆಯೇ ಎಂದು. ಆಮೇಲೆ ಕೇಳುವುದು, ಉಳಿದ ಮಕ್ಕಳಿಗೂ ಬಂದೀತೇ ಎಂದು. ಅಷ್ಟರಲ್ಲಿ ನೆಂಟರಲ್ಲಿ ಯಾರಾದರೂ ‘ಇದು ತಾಯಿಯ ಕಡೆಯಿಂದ ಬಂದದ್ದು’ ಎಂದು ತೀರ್ಪು ಕೊಟ್ಟಿರುತ್ತಾರೆ. ಅಕ್ಕತಂಗಿಯರ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನೇ ಮುಚ್ಚಿಡುವ ಮನೆಗಳೂ ಇವೆ. ಈ ಅಪವಾದ ಅನ್ಯಾಯದ್ದು. ತೀವ್ರ ಲ್ಯುಕೀಮಿಯಾ ಬಹುಪಾಲು ರೋಗಿಗಳಿಗೆ ವಂಶದಿಂದ ಬಂದಿರುವುದಿಲ್ಲ. ಹಾಗೆ ಬರುವ ಕೆಲವು ಕುಟುಂಬಗಳೂ ಇವೆ. ಅವನ್ನು ಗುರುತಿಸುವುದು ಚಿಕಿತ್ಸೆಗೇ ಅಗತ್ಯ.

ದೋಷ ಹುಟ್ಟುವುದು ಎಲ್ಲಿ?

ಮೂಳೆಮಜ್ಜೆಯಲ್ಲಿ ರಕ್ತಕಣಗಳು ಬಿಡುವಿಲ್ಲದೆ ಹುಟ್ಟುತ್ತಿರುತ್ತವೆ. ಅಲ್ಲಿನ ಒಂದು ಜೀವಕೋಶದ ವಂಶವಾಹಿ ಕೆಟ್ಟು, ಅದು ಬಲಿಯದೆಯೇ ಲೆಕ್ಕವಿಲ್ಲದಷ್ಟು ಪಟ್ಟು ಹೆಚ್ಚಿದರೆ ತೀವ್ರ ಲ್ಯುಕೀಮಿಯಾ ಆಗುತ್ತದೆ. ಈ ಕೆಡುಕು ಹುಟ್ಟಿದ ಮೇಲೆ, ಮಜ್ಜೆಯ ಕೋಶದಲ್ಲಷ್ಟೇ ಆದದ್ದಾದರೆ ಅಂಡಾಣು, ವೀರ್ಯಾಣುಗಳನ್ನು ತಲುಪುವುದಿಲ್ಲ. ಮಕ್ಕಳಿಗೆ ದಾಟುವುದೂ ಇಲ್ಲ. ಬೆನ್ಜೀನ್, ವಿಕಿರಣ, ಧೂಮಪಾನ, ಹಿಂದೆ ಬೇರೆ ಕ್ಯಾನ್ಸರಿಗೆ ಪಡೆದ ಕೆಲವು ಔಷಧಗಳು ಅಪಾಯ ಹೆಚ್ಚಿಸುತ್ತವೆ. ಎಷ್ಟೋ ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ.

ರೋಗವಿರುವ ಮಗುವಿನ ಒಡಹುಟ್ಟಿದವರಿಗೆ ಅಪಾಯ ಸಾಮಾನ್ಯಕ್ಕಿಂತ 2ರಿಂದ 4 ಪಟ್ಟು ಎನ್ನುತ್ತಾರೆ. ಕೇಳಲು ಭಯವಾಗುತ್ತದೆ. ಆದರೆ ಮೂಲ ಅಪಾಯವೇ ಸುಮಾರು 2,000 ಮಕ್ಕಳಲ್ಲಿ ಒಬ್ಬರಿಗೆ. ನಾಲ್ಕು ಪಟ್ಟಾದರೂ ಅದು 500ರಲ್ಲಿ ಒಂದು.

ಅವಳಿಗಳು ಕಲಿಸಿದ ಪಾಠ

ತದ್ರೂಪಿ ಅವಳಿಗಳಲ್ಲಿ ಒಂದು ಹಸುಗೂಸಿಗೆ ಲ್ಯುಕೀಮಿಯಾ ಬಂದರೆ ಇನ್ನೊಂದಕ್ಕೂ ಬರುವುದು ಹೆಚ್ಚುಕಡಿಮೆ ಖಚಿತ. ಇದು ವಂಶದ ರೋಗವೆಂಬುದಕ್ಕೆ ಪುರಾವೆ ಎಂದು ತೋರಬಹುದು. ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ್ದು ಬೇರೆಯೇ. ಗರ್ಭದಲ್ಲಿ ಒಂದು ಶಿಶುವಿನ ಕೋಶ ಕೆಟ್ಟು, ಇಬ್ಬರೂ ಹಂಚಿಕೊಂಡ ಮಾಸಿನ ರಕ್ತನಾಳಗಳ ಮೂಲಕ ಇನ್ನೊಂದಕ್ಕೆ ಹರಿದಿರುತ್ತದೆ. ತಂದೆತಾಯಿಯರಿಂದ ಬಂದದ್ದೇನೂ ಅಲ್ಲಿಲ್ಲ.

ವಂಶದಲ್ಲಿ ಬರುವ ಬಗೆಗಳು

ಎಎಂಎಲ್ ಎಂಬ ಮೈಲಾಯ್ಡ್ ಬಗೆಯಲ್ಲಿ ನೂರಕ್ಕೆ ಸುಮಾರು 5ರಿಂದ 10 ರೋಗಿಗಳು ಹುಟ್ಟಿನಿಂದಲೇ ಅಪಾಯದ ವಂಶವಾಹಿ ಹೊತ್ತಿರುತ್ತಾರೆ. ರನ್‌ಎಕ್ಸ್1 ಎಂಬ ವಂಶವಾಹಿ ಕೆಟ್ಟಿರುವ ಮನೆಗಳಲ್ಲಿ ಹಲವರಿಗೆ ಪ್ಲೇಟ್ಲೆಟ್ ಕಡಿಮೆ, ಸಣ್ಣ ಪೆಟ್ಟಿಗೂ ಮೈ ಕಂದುಗಟ್ಟುತ್ತದೆ. ಜಿಎಟಿಎ2 ದೋಷದಲ್ಲಿ ಮತ್ತೆ ಮತ್ತೆ ಸೋಂಕು, ನರೂಲಿ, ಕಾಲು ಬಾವು ಕಾಣಬಹುದು. 2015ರಲ್ಲಿ ಗುರುತಾದ ಡಿಡಿಎಕ್ಸ್41 ಹೆಚ್ಚು ಮೋಸಗಾರ. ರೋಗ ಬರುವುದು ಸಾಮಾನ್ಯವಾಗಿ 60 ದಾಟಿದ ಮೇಲೆ, ಆದ್ದರಿಂದ ಅದು ವಂಶದ್ದೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ. ಇವೆಲ್ಲ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದವರಿಗೆಲ್ಲ ಲ್ಯುಕೀಮಿಯಾ ಬರುತ್ತದೆಂದಲ್ಲ.

ನಮ್ಮ ಕಡೆ ಗಮನಿಸಬೇಕಾದ ಇನ್ನೊಂದು ಫ್ಯಾಂಕೋನಿ ರಕ್ತಹೀನತೆ. 1927ರಲ್ಲಿ ಸ್ವಿಸ್ ಮಕ್ಕಳ ವೈದ್ಯ ಗಿಡೊ ಫ್ಯಾಂಕೋನಿ ಇದನ್ನು ಒಂದೇ ಮನೆಯ ಸಹೋದರರಲ್ಲಿ ಕಂಡು ವಿವರಿಸಿದರು. ಕುಳ್ಳು ಮೈಕಟ್ಟು, ಹೆಬ್ಬೆರಳಿನ ಊನ, ಚರ್ಮದ ಮೇಲೆ ಕಂದು ಮಚ್ಚೆ, ಕ್ರಮೇಣ ಕುಸಿಯುವ ರಕ್ತಕಣಗಳು, ಕೆಲವರಲ್ಲಿ ಮುಂದೆ ಎಎಂಎಲ್. ಸಾಮಾನ್ಯವಾಗಿ ಇದಕ್ಕೆ ತಂದೆತಾಯಿ ಇಬ್ಬರಲ್ಲೂ ಅದೇ ವಂಶವಾಹಿ ಕೆಟ್ಟಿರಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದಲ್ಲಿ ಹಾಗಾಗುವ ಸಂಭವ ಹೆಚ್ಚು. ಈ ಮಕ್ಕಳಿಗೆ ಎಂದಿನ ಪ್ರಮಾಣದ ಕೀಮೋ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಲ್ಯುಕೀಮಿಯಾ ಅಪಾಯ ಬಹಳ ಹೆಚ್ಚು. ಆದರೆ ಆ ಸಿಂಡ್ರೋಮೇ ಸಾಮಾನ್ಯವಾಗಿ ವಂಶದ್ದಲ್ಲ.

ದಾನಿಯ ಪ್ರಶ್ನೆ

ಮಜ್ಜೆ ಕಸಿಗೆ ಮೊದಲು ಹುಡುಕುವುದು ಒಡಹುಟ್ಟಿದವರನ್ನು. ಪ್ರತಿಯೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಹೊಂದಿದ, ಆರೋಗ್ಯವಾಗಿಯೇ ಕಾಣುವ ಅಣ್ಣನೂ ರೋಗಿಯಲ್ಲಿರುವ ವಂಶದ ದೋಷವನ್ನೇ ಹೊತ್ತಿದ್ದರೆ, ಅವನ ಮಜ್ಜೆಯಿಂದಲೇ ರೋಗಿಗೆ ಹೊಸ ಲ್ಯುಕೀಮಿಯಾ ಹುಟ್ಟಬಹುದು. ಹಾಗೆ ಆದದ್ದೂ ಉಂಟು. ಆದ್ದರಿಂದ ಅನುಮಾನವಿದ್ದಲ್ಲಿ ಮೊದಲು ರೋಗಿಯ, ಬಳಿಕ ದಾನಿಯ ವಂಶವಾಹಿ ಪರೀಕ್ಷೆ ಆಗಬೇಕು. ರೋಗಿಯ ರಕ್ತ, ಜೊಲ್ಲುಗಳಲ್ಲಿ ಲ್ಯುಕೀಮಿಯಾ ಕೋಶಗಳೇ ಬೆರೆತಿರುವುದರಿಂದ ಚರ್ಮದ ಚೂರು ತೆಗೆದು ಬೆಳೆಸಿ ನೋಡುತ್ತಾರೆ. ಇದಕ್ಕೆ ವಾರಗಳು ಬೇಕು. ಕಸಿಯ ದಿನ ಗೊತ್ತಾದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ಹಾಗಾಗಿ ರಕ್ತರೋಗ ತಜ್ಞರನ್ನು ಕಾಣಲು ಹೋಗುವಾಗಲೇ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ: ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕ್ಯಾನ್ಸರ್, ಯಾರಿಗೆ ಪ್ಲೇಟ್ಲೆಟ್ ಕಡಿಮೆ, ಯಾರಿಗೆ ಸುಲಭವಾಗಿ ರಕ್ತಸ್ರಾವ, ಯಾರದ್ದು ರಕ್ತಸಂಬಂಧದ ಮದುವೆ. ಯಾವುದನ್ನೂ ಮುಚ್ಚಿಡಬೇಡಿ.