ಅಜ್ಜಿ ಕೇಳಿದ್ದು: ಕನ್ನಡ ಎಲ್ಲೋಯ್ತು?

ಹೋದ ವಾರ ಚಾಮರಾಜಪೇಟೆಯ ನಮ್ಮಜ್ಜಿಗೆ ಅಂತ ಮನೆಯಲ್ಲಿದ್ದ ಹಳೇ ಸಿನಿಮಾ ಡಿವಿಡಿಯನ್ನ ಫೋನಿಗೆ ಹಾಕಿಕೊಟ್ಟೆ. ಡಿಸ್ಕ್‌ನಲ್ಲಿ ತೆಲುಗು, ಕನ್ನಡ ಎರಡೂ ಆಡಿಯೋ ಇತ್ತು. ಕನ್ವರ್ಟ್ ಮಾಡುವಾಗ ನಾನು ಸೆಟ್ಟಿಂಗ್ಸ್ ನೋಡಲೇ ಇಲ್ಲ. "ಕನ್ನಡ ಎಲ್ಲೋಯ್ತೋ?" ಅಂದ್ರು ಅಜ್ಜಿ. ಇದು ನಮ್ಮೂರಲ್ಲಿ ತುಂಬಾ ಹಳೇ ಪ್ರಶ್ನೆ.

ಅಜ್ಜಿ ಮನೆಗೆ ಹತ್ತಿರವೇ ಸಿಟಿ ಮಾರ್ಕೆಟ್. ಅಲ್ಲಿದ್ದ ಪ್ಯಾರಾಮೌಂಟ್ ಟಾಕೀಸ್‌ನಲ್ಲಿ 1934ರ ಮಾರ್ಚ್ 3ರಂದು 'ಸತಿ ಸುಲೋಚನಾ' ಬಿಡುಗಡೆಯಾಯ್ತು. ಕನ್ನಡದ ಮೊದಲ ವಾಕ್ಚಿತ್ರ. ಅದರ ಪ್ರಿಂಟ್ ಇವತ್ತು ಸಿಗೋದಿಲ್ಲ. ಚಿತ್ರವೂ ಇಲ್ಲ, ದನಿಯೂ ಇಲ್ಲ.

ರೀಲಿನ ಕಾಲದಲ್ಲಿ ಚಿತ್ರದ ಪಕ್ಕದಲ್ಲೇ ಸಣ್ಣ ಪಟ್ಟಿಯಾಗಿ ಶಬ್ದ ಅಚ್ಚಾಗಿರುತ್ತಿತ್ತು. ಒಂದು ಪ್ರಿಂಟ್, ಒಂದು ಭಾಷೆ. ಇನ್ನೊಂದು ಭಾಷೆ ಬೇಕಾದರೆ ಇನ್ನೊಂದು ಪ್ರಿಂಟ್. 1943ರ ಕನ್ನಡದ 'ಸತ್ಯ ಹರಿಶ್ಚಂದ್ರ'ವನ್ನ ಎವಿಎಂನ ಮೆಯ್ಯಪ್ಪನ್ 1944ರಲ್ಲಿ ತಮಿಳಿಗೆ ಡಬ್ ಮಾಡಿದರು. ಅಂದ್ರೆ ಭಾರತದ ಮೊದಮೊದಲ ಡಬ್ಬಿಂಗ್ ಚಿತ್ರಗಳಲ್ಲೊಂದರ ಮೂಲ ಕನ್ನಡ!

ಅರವತ್ತರ ದಶಕದಲ್ಲಿ ಗಾಳಿ ತಿರುಗಿತು. ಆಗ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗ್ತಿದ್ದದ್ದು ಮದರಾಸಿನಲ್ಲಿ. ಡಬ್ಬಿಂಗ್ ಚಿತ್ರಗಳು ಬಂದರೆ ನಮ್ಮ ಕಲಾವಿದರಿಗೆ ಕೆಲಸ ಎಲ್ಲಿ ಅಂತ ಅನಕೃ ಮತ್ತು ಜೊತೆಗಾರರು ಹೋರಾಡಿದರು. ಆ ಭಯ ಸುಳ್ಳಲ್ಲ. ಆದರೆ ಯಾವ ಕಾನೂನೂ ಇಲ್ಲದೆ ಆ ತಡೆ ದಶಕಗಟ್ಟಲೆ ನಡೀತು. ಬೇರೆ ಭಾಷೆಯ ಕಥೆ ಬೇಕಾದವರು ಆ ಭಾಷೆಯಲ್ಲೇ ನೋಡಿದರು. ನಮ್ಮಜ್ಜಿ ತೆಲುಗು ಕಲಿತದ್ದೂ ಹಾಗೇ.

2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದದ್ದು ಸ್ಪರ್ಧಾ ಕಾಯ್ದೆಯ ಉಲ್ಲಂಘನೆ ಅಂತ ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಬಿ.ಕಾಂ.ನಲ್ಲಿ ನಾನು ಮಾರ್ಕ್ಸಿಗೆ ಅಂತ ಓದಿದ್ದ ಕಾಯ್ದೆ ಅದು. 2018ರಲ್ಲಿ ನಮ್ಮ 'ಕೆಜಿಎಫ್' ಐದು ಭಾಷೆಗಳಲ್ಲಿ ಬಂತು. ಕನ್ನಡದ ದನಿ ಈಗ ಹೊರಗೂ ಹೋಗುತ್ತೆ, ಹೊರಗಿನ ಕಥೆ ಕನ್ನಡದಲ್ಲಿ ಒಳಗೂ ಬರುತ್ತೆ.

ಈಗ ಜಾಗದ ಸಮಸ್ಯೆ ಇಲ್ಲ. ಒಂದು ಡಿವಿಡಿಯಲ್ಲಿ ಎಂಟು ಆಡಿಯೋ ಟ್ರ್ಯಾಕ್ ಹಿಡಿಸುತ್ತೆ. ಎಂಕೆವಿ, ಎಂಪಿ4 ಫೈಲ್‌ಗಳಲ್ಲೂ ಹಲವು ಇರಬಹುದು. ಸಮಸ್ಯೆ ಇರೋದು ನಾವು ಹೇಳದೇ ಬಿಟ್ಟಾಗ. ಉದಾಹರಣೆಗೆ, ಎಫ್‌ಎಫ್‌ಎಂಪೆಗ್‌ಗೆ ನೀವು ಏನೂ ಹೇಳದಿದ್ದರೆ ಅದು ಒಂದೇ ಆಡಿಯೋ ಆರಿಸುತ್ತೆ, ಹೆಚ್ಚು ಚಾನೆಲ್ ಇರೋದನ್ನ. ತೆಲುಗು 5.1, ಕನ್ನಡ ಬರೀ ಸ್ಟೀರಿಯೋ ಆಗಿದ್ರೆ ಕನ್ನಡ ಔಟ್. ಯಾರಿಗೂ ದ್ವೇಷ ಇಲ್ಲ, ಕೇಳೋರು ಇರಲಿಲ್ಲ ಅಷ್ಟೇ.

ಹ್ಯಾಂಡ್‌ಬ್ರೇಕ್‌ನಲ್ಲಾದ್ರೆ ಆಡಿಯೋ ಟ್ಯಾಬ್‌ಗೆ ಹೋಗಿ ಎಲ್ಲ ಟ್ರ್ಯಾಕ್ ಸೇರಿಸಿ. ಫೋನ್‌ನಲ್ಲಿ ವಿಎಲ್‌ಸಿ ಥರದ ಪ್ಲೇಯರ್ ಇದ್ರೆ ಭಾಷೆ ಬದಲಾಯಿಸಬಹುದು. ಎರಡೂ ಸರಿಯಾಗಿ ಕೇಳಿಸ್ತಿದೆಯಾ ನೋಡೋ ತನಕ ಮೂಲ ಫೈಲ್ ಅಳಿಸಬೇಡಿ.

ಡಿಸ್ಕ್ ಇನ್ನೂ ಇತ್ತು, ಅದಕ್ಕೆ ನಾನು ಬಚಾವ್. ಭಾನುವಾರ ಮತ್ತೆ ಕನ್ವರ್ಟ್ ಮಾಡಿಕೊಟ್ಟೆ. ಅಜ್ಜಿ ಕನ್ನಡದಲ್ಲಿ ಅರ್ಧ ನೋಡಿ, "ಹಾಡು ಮಾತ್ರ ತೆಲುಗಲ್ಲೇ ಹಾಕೋ" ಅಂದ್ರು.