ನಯಾಗರಾ ಜಲಪಾತವೂ ನೋಡುವವರ ಹಕ್ಕೂ

ದಡವನ್ನು ಕೊಂಡವನು ನೋಟವನ್ನೂ ಕೊಂಡಂತಾಯಿತೆ? ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಅಮೆರಿಕದ ನಯಾಗರಾ ತೀರದಲ್ಲಿ ಈ ಪ್ರಶ್ನೆಯು ದೊಡ್ಡ ವಿವಾದವಾಗಿ ಬೆಳೆಯಿತು. ಅದರ ವೃತ್ತಾಂತವು ವಾಚಕರ ಮನನಕ್ಕೆ ಯೋಗ್ಯವಾದುದು.

ನ್ಯೂಯಾರ್ಕ್ ಸಂಸ್ಥಾನವು 1805ರಲ್ಲಿ ಜಲಪಾತದ ಬಳಿಯ ಭೂಮಿಯನ್ನು ಹರಾಜು ಹಾಕಲು, ಪೋರ್ಟರ್ ಸಹೋದರರು ಅದರಲ್ಲಿ ಮುಖ್ಯವಾದ ಭಾಗವನ್ನು ಕೊಂಡರು. 1816ರಲ್ಲಿ ಪ್ರವಾಹಮಧ್ಯದ ಗೋಟ್ ದ್ವೀಪವೂ ಅವರ ವಶವಾಯಿತು. ಕ್ರಮೇಣ ದಡದಲ್ಲಿ ಗಿರಣಿಗಳೂ ಅಂಗಡಿಗಳೂ ಬೇಲಿಗಳೂ ತಲೆಯೆತ್ತಿದುವು. 1860ರ ದಶಕದ ವೇಳೆಗೆ ಅಮೆರಿಕದ ಪಾರ್ಶ್ವದಲ್ಲಿ ಕಾಸು ತೆರದೆ ಜಲಪಾತವನ್ನು ಕಣ್ತುಂಬ ನೋಡುವ ಸ್ಥಳವೇ ಉಳಿಯಲಿಲ್ಲ. ಆದರೂ ಒಡೆಯರನ್ನು ಅಪಹಾರಿಗಳೆನ್ನುವಂತಿರಲಿಲ್ಲ, ಅವರಲ್ಲಿ ಕ್ರಯಪತ್ರವಿದ್ದಿತು. ವಿವಾದದ ತೊಡಕೆಲ್ಲವೂ ಇದರಲ್ಲಿಯೇ ಇದ್ದಿತು.

1869ರಲ್ಲಿ ಉದ್ಯಾನಶಿಲ್ಪಿಯಾದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ಡನೂ ಅವನ ಮಿತ್ರರೂ ತೀರವನ್ನು ಬಿಡಿಸಬೇಕೆಂದು ಆಲೋಚಿಸಿದರು. ಮುಂದೆ ಸಲ್ಲಿಸಲ್ಪಟ್ಟ ಮನವಿಗೆ ಎಮರ್ಸನ್, ಕಾರ್ಲೈಲ್, ರಸ್ಕಿನ್ ಮೊದಲಾದ ವಿದ್ವಾಂಸರು ರುಜು ಹಾಕಿದರು. ಗವರ್ನರ್ ಕಾರ್ನೆಲ್ಲನು ಇದಕ್ಕೆ ಒಲಿಯಲಿಲ್ಲ. ಅವನ ತರುವಾಯ ಬಂದ ಕ್ಲೀವ್‌ಲೆಂಡನು 1883ರಲ್ಲಿ ಶಾಸನಕ್ಕೆ ಅಂಕಿತ ಹಾಕಿದನು. ಬೆಲೆ ಕಟ್ಟುವಾಗ ಕೆಲವು ಒಡೆಯರು ನೀರಿನ ಶಕ್ತಿಗೂ ಪರಿಹಾರ ಕೇಳಿದರು. ನದಿಯ ಪಾತ್ರವು ಯಾರ ಖಾಸಗಿ ಸ್ವತ್ತೂ ಅಲ್ಲವೆಂದು ಆ ವಾದವನ್ನು ತಳ್ಳಿಹಾಕಲಾಯಿತು. ಆದರೂ ತಾನೇ ಮಾರಿದ ನೆಲವನ್ನು ಮರಳಿ ಪಡೆಯಲು ಸಂಸ್ಥಾನವು 14,33,429 ಡಾಲರುಗಳನ್ನು ತೆರಬೇಕಾಯಿತು. 1885ನೆಯ ಜುಲೈ 15ರಂದು ತೀರವು ಸರ್ವರಿಗೂ ತೆರೆಯಲ್ಪಟ್ಟಿತು. 1888ರಲ್ಲಿ ಕೆನಡಾ ಪಾರ್ಶ್ವದಲ್ಲಿಯೂ ಸಾರ್ವಜನಿಕ ಉದ್ಯಾನವು ಆರಂಭವಾಯಿತು.

ಅಲ್ಲಿಗೆ ವಿವಾದವು ಮುಗಿಯಿತೆನ್ನುವಂತಿಲ್ಲ. ನೆಲವನ್ನು ಬಿಟ್ಟ ವ್ಯಾಜ್ಯವು ನೀರಿಗೆ ತಗುಲಿತು. ವಿದ್ಯುತ್ತಿಗಾಗಿ ಹೊಳೆಯನ್ನೇ ತಿರುಗಿಸಿದರೆ, ತೀರವು ಮುಕ್ತವಾಗಿದ್ದೂ ನೋಡುವುದೇನು? ಆದುದರಿಂದ 1950ರ ಒಪ್ಪಂದದಲ್ಲಿ ಉಭಯ ರಾಷ್ಟ್ರಗಳೂ ಪ್ರವಾಸಕಾಲದ ಹಗಲಿನಲ್ಲಿ ಸೆಕೆಂಡಿಗೆ 1,00,000 ಘನ ಅಡಿಗಿಂತ ಕಡಮೆಯಾಗದಂತೆ ನೀರು ಧುಮುಕಬೇಕೆಂದು ಗೊತ್ತುಮಾಡಿದುವು.

ನಮ್ಮ ಧರ್ಮಶಾಸ್ತ್ರಕಾರರು ಶ್ರಾದ್ಧಯೋಗ್ಯವಾದ ಸ್ಥಳಗಳನ್ನು ವಿವೇಚಿಸುವಾಗ ಅರಣ್ಯ, ಪರ್ವತ, ತೀರ್ಥಗಳಿಗೆ ಸ್ವಾಮಿಯಿಲ್ಲವೆಂದು ಎಣಿಸಿದರು. ಪರಭೂಮಿಯಲ್ಲಿ ಮಾಡಿದ ಶ್ರಾದ್ಧವನ್ನು ಆ ಭೂಮಿಯ ಒಡೆಯನ ಪಿತೃಗಳು ಕೆಡಿಸುವರೆಂಬುದು ಅವರ ಎಚ್ಚರಿಕೆ. ನ್ಯೂಯಾರ್ಕಿನವರು ಅದೇ ಮಾತನ್ನು ಎಂಬತ್ತು ವರ್ಷಗಳ ಅನುಭವದಿಂದ, ಬೆಲೆ ತೆತ್ತು, ಕಲಿತರು. ಹರಾಜಿಗೆ ಮುನ್ನ ಯೋಚಿಸುವುದು ಹರಾಜಿನ ಬಳಿಕ ಕೊಳ್ಳುವುದಕ್ಕಿಂತ ಅಗ್ಗವಷ್ಟೆ.